ಪ್ಲೇಸ್ಕೂಲಿಗೆ ಹಾಕಿದರೆ ಮಾತು ಬೇಗ ಬರುತ್ತಾ? ಬೆಂಗಳೂರಿನ ಅಪ್ಪ-ಅಮ್ಮಂದಿರ ಮುಂದಿರುವ ಲೆಕ್ಕ

ಎರಡು, ಎರಡೂವರೆ ವರ್ಷದ ಮಕ್ಕಳಿರುವ ಬೆಂಗಳೂರಿನ ಮನೆಗಳಲ್ಲಿ ಒಂದೇ ಚರ್ಚೆ. ಈ ವರ್ಷವೇ ಪ್ಲೇಸ್ಕೂಲಿಗೆ ಸೇರಿಸೋದಾ, ಇನ್ನೊಂದು ವರ್ಷ ಕಾಯೋದಾ? ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಲೇಬೇಕು ಅಂತ ಒಂದು ಸುದ್ದಿ. ಚಿಕ್ಕ ಮಕ್ಕಳಿಗೆ ಮಾತೃಭಾಷೆಯಲ್ಲೇ ಕಲಿಸಿ ಅಂತ ಸಿಬಿಎಸ್‌ಇಯ ಸುತ್ತೋಲೆ. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಇರಲಿ ಅಂತ ರಾಜ್ಯದ ಆಯೋಗದ ಶಿಫಾರಸು. ಇತ್ತ ಪಕ್ಕದ ಮನೆಯ ಮಗು ಆಗಲೇ ಬ್ಯಾಗ್ ಹಾಕಿಕೊಂಡು ವ್ಯಾನ್ ಹತ್ತುತ್ತಿದೆ. 'ನಿಮ್ಮ ಪಾಪು ಇನ್ನೂ ರೈಮ್ಸ್ ಹೇಳಲ್ವಾ?' ಅಂತ ಕೇಳುವವರಿಗೂ ಬರವಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸಿಕ್ಕು ಹಾಕಿಕೊಂಡಿವೆ. ಮಗುವಿಗೆ ಮಾತು ಹೇಗೆ ಬರುತ್ತದೆ ಅನ್ನುವುದು ಒಂದು. ಮಗುವನ್ನು ಯಾವಾಗ, ಎಲ್ಲಿಗೆ ಸೇರಿಸಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಶಾಲೆಯಲ್ಲೇ ಸಿಗುತ್ತದೆ ಅಂದುಕೊಂಡು, ಎರಡನೆಯದನ್ನು ಅವಸರದಲ್ಲಿ ತೀರ್ಮಾನ ಮಾಡುವವರೇ ಜಾಸ್ತಿ.

ಮೊದಲು ಆ ಮೂರು ಸುದ್ದಿ

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಕರ್ನಾಟಕ ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ಅದಕ್ಕೂ ಮೊದಲು 5 ವರ್ಷ 5 ತಿಂಗಳು ಆಗಿದ್ದರೆ ಸಾಕಿತ್ತು. ಆಗಲೇ ನರ್ಸರಿ, ಎಲ್‌ಕೆಜಿಯಲ್ಲಿದ್ದ ಮಕ್ಕಳ ಗತಿಯೇನು ಅನ್ನುವ ಪ್ರಶ್ನೆ ಬಂತು. ಹಾಗಾಗಿ ಜಾರಿಯನ್ನು 2025–26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ ಪೋಷಕರು ಮತ್ತೆ ದುಂಬಾಲು ಬಿದ್ದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷಕ್ಕೆ ಮಾತ್ರ ಸಡಿಲಿಕೆ ಕೊಟ್ಟು, 2026–27ರಿಂದ 6 ವರ್ಷವೇ ಅಂತ ಹೇಳಿತು. ಇದೇ ಲೆಕ್ಕದಲ್ಲಿ ಎಲ್‌ಕೆಜಿಗೆ 4 ವರ್ಷ, ಯುಕೆಜಿಗೆ 5 ವರ್ಷ.

ಎರಡನೆಯದು 2025ರ ಮೇ ತಿಂಗಳ ಸಿಬಿಎಸ್‌ಇ ಸುತ್ತೋಲೆ. ಪೂರ್ವ ಪ್ರಾಥಮಿಕದಿಂದ ಎರಡನೇ ತರಗತಿವರೆಗೆ ಮನೆಮಾತು ಅಥವಾ ಮಗುವಿಗೆ ಪರಿಚಯವಿರುವ ಪ್ರಾದೇಶಿಕ ಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಿ, ಯಾವ ಮಗುವಿನ ಮನೆಮಾತು ಯಾವುದು ಅಂತ ಪಟ್ಟಿ ಮಾಡಿ ಅನ್ನುವುದು ಅದರ ಸಾರ. ಮೂರನೆಯದು ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿ. 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗಳ ಕೈ ಸೇರಿದ ಈ ವರದಿ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಮತ್ತು ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ.

ಇಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ವಿಷಯವಿದೆ. ಕೇಂದ್ರದ 2020ರ ನೀತಿಯಲ್ಲಿ ಒಂದನೇ ತರಗತಿಗೆ ಮೊದಲು ಮೂರು ವರ್ಷ, ಅಂದರೆ 3ನೇ ವಯಸ್ಸಿನಿಂದ ಶುರು. ರಾಜ್ಯದ ಆಯೋಗ ಹೇಳಿರುವ 2+8+4 ಪದ್ಧತಿಯಲ್ಲಿ ಮೊದಲಿಗೆ ಇರುವುದು ಎರಡೇ ವರ್ಷ, ಅಂದರೆ 4ರಿಂದ. ಇಬ್ಬರೂ ಎರಡು ವರ್ಷದ ಮಗುವಿಗೆ ಶಾಲೆ ಬೇಕು ಅಂದಿಲ್ಲ. ಖಾಸಗಿ ಪ್ಲೇಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿಯಲ್ಲೂ 3 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು ಅಂತಲೇ ಇದೆ. ಆದರೂ ನಮ್ಮ ಬಡಾವಣೆಗಳ ಬೋರ್ಡುಗಳಲ್ಲಿ '1.5 ವರ್ಷದಿಂದ' ಅಂತ ಬರೆದಿರುತ್ತದೆ.

ಹುಟ್ಟಿದ ತಾರೀಖು ಮಾಡುವ ಕೆಲಸ

ಎರಡು ಮಕ್ಕಳನ್ನು ಊಹಿಸಿಕೊಳ್ಳಿ. ಒಂದು 2023ರ ಮೇ 20ರಂದು ಹುಟ್ಟಿದ್ದು, ಇನ್ನೊಂದು ಅದೇ ವರ್ಷ ಜೂನ್ 10ರಂದು. ಮೂರು ವಾರದ ಅಂತರ. ಮೊದಲ ಮಗುವಿಗೆ 2029ರ ಜೂನ್ 1ಕ್ಕೆ 6 ತುಂಬಿರುತ್ತದೆ, ಒಂದನೇ ತರಗತಿಗೆ ಸೇರಬಹುದು. ಅದರ ಎಲ್‌ಕೆಜಿ 2027ರ ಜೂನ್‌ನಲ್ಲಿ. ಎರಡನೇ ಮಗುವಿಗೆ ಅದೇ ದಿನ ಒಂಬತ್ತು ದಿನ ಕಡಿಮೆ. ಅದು 2030ಕ್ಕೇ ಒಂದನೇ ತರಗತಿ, 2028ಕ್ಕೇ ಎಲ್‌ಕೆಜಿ.

ಈಗ ಇಬ್ಬರನ್ನೂ 2025ರ ಜೂನ್‌ನಲ್ಲಿ, ಎರಡು ವರ್ಷಕ್ಕೆ, ಪ್ಲೇಗ್ರೂಪಿಗೆ ಸೇರಿಸಿದರು ಅಂದುಕೊಳ್ಳಿ. ಮೊದಲನೆಯದಕ್ಕೆ ಎಲ್‌ಕೆಜಿಗೂ ಮುಂಚೆ ಎರಡು ವರ್ಷದ ಶಾಲೆ. ಎರಡನೆಯದಕ್ಕೆ ಮೂರು ವರ್ಷ. ಪ್ಲೇಗ್ರೂಪು, ನರ್ಸರಿ ಮುಗಿದ ಮೇಲೂ ಒಂದು ವರ್ಷ ಮಿಕ್ಕುತ್ತದೆ. ಆಗ ಶಾಲೆಯವರು ನರ್ಸರಿಯಲ್ಲೇ ಇನ್ನೊಂದು ವರ್ಷ ಕೂರಿಸಿ ಅನ್ನುತ್ತಾರೆ, ಇನ್ನೊಂದು ವರ್ಷದ ಫೀಸೂ ಕೇಳುತ್ತಾರೆ. ಜೂನ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದ ಮಕ್ಕಳ ಅಪ್ಪ-ಅಮ್ಮಂದಿರ ಸಿಟ್ಟಿಗೆ ಕಾರಣ ಇದೇ. ಅವರು ಹಳೇ ನಿಯಮ ನಂಬಿ ಬೇಗ ಸೇರಿಸಿದ್ದರು.

ಇದನ್ನೇ ತಿರುಗಿಸಿ ನೋಡಿದರೆ, ಈಗ ಎರಡು ವರ್ಷದ ಮಗು ಇರುವವರಿಗೆ ಈ ನಿಯಮ ಸಮಯ ಕೊಟ್ಟಿದೆ. 'ಈಗ ಸೇರಿಸದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತೆ' ಅನ್ನುವ ಮಾತಿಗೆ ಈಗ ಅರ್ಥವಿಲ್ಲ. ದೊಡ್ಡ ಶಾಲೆಗಳಲ್ಲಿ ನರ್ಸರಿ ಅಥವಾ ಮಾಂಟೆಸರಿಗೇ ಸೀಟು ತುಂಬಿಬಿಡುತ್ತದೆ, ಆಮೇಲೆ ಸಿಗುವುದಿಲ್ಲ ಅನ್ನುವುದು ನಿಜವಾದ ಚಿಂತೆ, ಒಪ್ಪೋಣ. ಆದರೆ ಅದು ಸೀಟಿನ ಚಿಂತೆ. ಅದಕ್ಕೆ ಮಗುವಿನ ಮಾತಿನ ಹೆಸರು ಕೊಡುವುದು ಬೇಡ.

ಮಾತು ಶುರುವಾಗುವುದು ಎಲ್ಲಿ

'ಚಿಕ್ಕ ವಯಸ್ಸಲ್ಲಿ ಮೆದುಳು ಬೇಗ ಹೀರಿಕೊಳ್ಳುತ್ತೆ' ಅನ್ನುವುದು ಪ್ಲೇಸ್ಕೂಲಿನ ಕರಪತ್ರಗಳಲ್ಲಿ ತಪ್ಪದೆ ಕಾಣುವ ಸಾಲು. ಅದು ಸುಳ್ಳಲ್ಲ. ಆದರೆ ಏನನ್ನು ಹೀರಿಕೊಳ್ಳುತ್ತದೆ, ಯಾರಿಂದ ಅನ್ನುವುದನ್ನು ಕರಪತ್ರ ಹೇಳುವುದಿಲ್ಲ.

ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ 1984ರ ಅಧ್ಯಯನ ಈ ಕ್ಷೇತ್ರದಲ್ಲಿ ತುಂಬಾ ಹೆಸರಾದದ್ದು. ಅವರು ಆರಿಸಿಕೊಂಡ ಧ್ವನಿಗಳಲ್ಲಿ ಹಿಂದಿಯ ಟ ಮತ್ತು ತ ಇದ್ದವು, ಕನ್ನಡದಲ್ಲೂ ಇರುವ ವ್ಯತ್ಯಾಸವೇ. ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಎರಡನ್ನೂ ಬೇರೆ ಬೇರೆ ಅಂತ ಗುರುತಿಸಿದವು. 10ರಿಂದ 12 ತಿಂಗಳಾಗುವ ಹೊತ್ತಿಗೆ ಬಹುತೇಕ ಕೂಸುಗಳಿಗೆ ಅದು ಆಗಲಿಲ್ಲ. ಅಂದರೆ ನಮ್ಮ ಮಗು 'ತಟ್ಟೆ' ಅನ್ನುವ ಮೊದಲೇ, ಆ ಎರಡು ಧ್ವನಿಗಳ ಲೆಕ್ಕ ಅದರ ಕಿವಿಯಲ್ಲಿ ಕೂತಿರುತ್ತದೆ. ಇದು ಮನೆಯಲ್ಲಿ, ಎಣ್ಣೆ ನೀರು ಹಾಕುವಾಗ, ಜೋಗುಳ ಹಾಡುವಾಗ ಆಗುವ ಕಲಿಕೆ. ಎರಡೂವರೆ ವರ್ಷಕ್ಕೆ ಪ್ಲೇಸ್ಕೂಲಿನ ಬಾಗಿಲಿಗೆ ಬರುವಾಗ ಆ ಹಂತ ಮುಗಿದು ಎಷ್ಟೋ ಕಾಲವಾಗಿರುತ್ತದೆ.

2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ 9 ತಿಂಗಳ ಕೂಸುಗಳ ಎದುರು ಮ್ಯಾಂಡರಿನ್ ಮಾತಾಡುವವರು ಕೂತು ಆಟ ಆಡಿಸಿದರು, ಪುಸ್ತಕ ಓದಿದರು. ಹನ್ನೆರಡು ಸಲ ಕೂತದ್ದಕ್ಕೇ ಆ ಕೂಸುಗಳು ಮ್ಯಾಂಡರಿನ್ನಿನ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ, ಬರೀ ಆಡಿಯೋ ಕೇಳಿಸಿದಾಗ ಕಲಿಕೆ ಆಗಲೇ ಇಲ್ಲ. ಯೂಟ್ಯೂಬ್ ರೈಮ್ಸಿನಿಂದ ಇಂಗ್ಲಿಷ್ ಬರುತ್ತದೆ ಅಂತ ಮೊಬೈಲ್ ಕೈಗೆ ಕೊಟ್ಟು ಊಟ ಮಾಡಿಸುವವರು ಇದನ್ನು ಗಮನಿಸಬೇಕು. ಮಗು ಹಾಡಿನ ಸಾಲು ಒಪ್ಪಿಸಬಹುದು. ಹಸಿವಾದಾಗ, ನೋವಾದಾಗ ಅದನ್ನು ಹೇಳಲು ಆ ಸಾಲುಗಳು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದ ಮಕ್ಕಳಿಗೆ ಸ್ಕ್ರೀನು ಬೇಡವೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂದಿದೆ.

ಇನ್ನೊಂದು ಮಾತೂ ಇದೆ. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಅನ್ನುವುದಕ್ಕಿಂತ ಎಷ್ಟು ಸಲ ಮಾತು ಅತ್ತಿಂದಿತ್ತ ಹೋಗಿ ಬಂತು ಅನ್ನುವುದು ಮುಖ್ಯ ಅಂತ ಈಚಿನ ಅಧ್ಯಯನಗಳು ತೋರಿಸಿವೆ. ಮಗು ಕಿಟಕಿಯತ್ತ ಬೆರಳು ಮಾಡಿ 'ಕಾಕಾ' ಅನ್ನುತ್ತದೆ. ಅಜ್ಜಿ 'ಹೂಂ, ಕಾಗೆ ಬಂತು. ಏನು ಬೇಕಂತೆ ಅದಕ್ಕೆ?' ಅನ್ನುತ್ತಾರೆ. ಮಗು 'ಮಮ್ಮು' ಅನ್ನುತ್ತದೆ. 'ಮಮ್ಮು ಬೇಕಂತಾ? ಅನ್ನ ಹಾಕೋಣ್ವಾ?' ಎರಡೇ ಪದ ಬಲ್ಲ ಮಗು ಅಲ್ಲಿ ಪ್ರಶ್ನೆ, ಉತ್ತರ, ವಿಭಕ್ತಿ ಎಲ್ಲವನ್ನೂ ಕೇಳಿಸಿಕೊಂಡಿತು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಮಿಸ್ ಇರುವ ಕೋಣೆಯಲ್ಲಿ ಈ ಸಂಭಾಷಣೆಗೆ ಪುರುಸೊತ್ತು ಎಲ್ಲಿರುತ್ತದೆ?

ಮೂರು ಭಾಷೆಯಾದರೆ ತಲೆ ಕೆಡುತ್ತಾ?

2011ರ ಜನಗಣತಿಯಂತೆ ಬೆಂಗಳೂರಿನಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಅಮ್ಮನದು ಕನ್ನಡ, ಅಪ್ಪನದು ತೆಲುಗು, ಮಗು ನೋಡಿಕೊಳ್ಳುವ ಆಯಾದು ತಮಿಳು, ಲಿಫ್ಟಿನಲ್ಲಿ ಸಿಗುವವರದು ಹಿಂದಿ. ಇಂಥ ಮನೆಗಳಿಗೆ 'ಒಂದೇ ಭಾಷೆ ಮಾತಾಡಿ, ಇಲ್ಲದಿದ್ದರೆ ಮಾತು ತಡವಾಗುತ್ತೆ' ಅನ್ನುವ ಬುದ್ಧಿಮಾತು ಆಗಾಗ ಸಿಗುತ್ತದೆ. ಅದಕ್ಕೆ ಪುರಾವೆ ಇಲ್ಲ. ಎರಡು ಭಾಷೆಯ ಮಗುವಿಗೆ ಒಂದೊಂದರಲ್ಲಿ ಪದ ಕಡಿಮೆ ಇರಬಹುದು. ಎರಡನ್ನೂ ಸೇರಿಸಿ ಎಣಿಸಿದರೆ ಒಂದೇ ಭಾಷೆಯ ಮಗುವಿಗೆ ಹೆಚ್ಚುಕಮ್ಮಿ ಸಮನಾಗುತ್ತದೆ ಅಂತ 1993ರಲ್ಲೇ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ಬೆರಕೆ ಮಾತು ಕೇಳಿ ಗಾಬರಿಯಾಗುವುದೂ ಬೇಡ. ಎರಡೂವರೆ ವರ್ಷದ ಮಗು 'ಬಾಲ್‌ನ ಕಾರಲ್ಲಿ ಇಡು' ಅಂದರೆ, ಅದು ಇಂಗ್ಲಿಷ್ ಪದಗಳಿಗೆ ಕನ್ನಡದ ಪ್ರತ್ಯಯ ಸರಿಯಾಗಿ ಹಚ್ಚಿದೆ. ಕ್ರಿಯಾಪದವನ್ನು ಕೊನೆಯಲ್ಲಿ ಇಟ್ಟಿದೆ. ದೊಡ್ಡವರೂ ಆಡುವುದು ಹೀಗೇ ಅಲ್ವಾ?

ಚಿಂತೆ ಪಡಬೇಕಾದ್ದು ಬೇರೆ ಇದೆ. ಕನ್ನಡದ ಮನೆಯಲ್ಲೇ ಮಗುವಿನ ಜೊತೆ ಮಾತ್ರ ಇಂಗ್ಲಿಷಿಗೆ ಹೊರಳುವುದು. ಸಂಜೆ ಯಾವುದೇ ಪಾರ್ಕಿನಲ್ಲಿ ಐದು ನಿಮಿಷ ನಿಂತರೆ ಕೇಳಿಸುತ್ತದೆ: 'ಪುಟ್ಟಾ ಡೋಂಟ್ ರನ್', 'ಕಮ್ ಹಿಯರ್', 'ಸ್ಲಿಪ್ಪರ್ ವೇರ್ ಮಾಡು', 'ನೋ ನೋ, ಡರ್ಟಿ'. ಪೂರಾ ಅಪ್ಪಣೆಗಳೇ. ಇಂಗ್ಲಿಷಿನಲ್ಲಿ ಆಫೀಸು ನಡೆಸುವವರಿಗೂ ಅದರಲ್ಲಿ ಮಗುವನ್ನು ರೇಗಿಸಲು, ಮುದ್ದಿಸಲು, ಸುಮ್ನೆ ಹರಟಲು ಪದ ಸಿಗುವುದಿಲ್ಲ. ಅದೇ ಅಮ್ಮ ಕನ್ನಡದಲ್ಲಾದರೆ 'ಓಡಬೇಡ ಕಣೋ, ಆಮೇಲೆ ಮಂಡಿ ತರಚಿಕೊಂಡು ನಂಗೇ ಔಷಧಿ ಹಚ್ಚು ಅಂತೀಯ' ಅನ್ನುತ್ತಾಳೆ. ಅದರಲ್ಲಿ ಕಾರಣ ಇದೆ, ಪರಿಣಾಮ ಇದೆ, ತಮಾಷೆಯೂ ಇದೆ. ಮಗುವಿಗೆ ಬೇಕಾದ್ದು ಈ ಉದ್ದದ ಮಾತು. ತಮಗೆ ಸಲೀಸಾದ ಭಾಷೆ ಬಿಟ್ಟು ಅಪ್ಪಣೆಯ ಇಂಗ್ಲಿಷಿಗೆ ಇಳಿದರೆ, ಮಗುವಿಗೆ ಎರಡೂ ಕಡೆ ಕೊರತೆ.

ಇಂಗ್ಲಿಷ್ ಬೇಕು ಅನ್ನುವವರ ಮಾತೂ ಕೇಳಬೇಕು

ಬೇಗ ಇಂಗ್ಲಿಷ್ ಬರಲಿ ಅನ್ನುವ ಅಪ್ಪ-ಅಮ್ಮಂದಿರನ್ನು ಭಾಷಾಭಿಮಾನ ಇಲ್ಲದವರು ಅಂತ ಬೈಯುವುದು ಸುಲಭ. ಅವರ ಲೆಕ್ಕ ಸ್ಪಷ್ಟವಾಗಿದೆ. ಮುಂದಿನ ಶಾಲೆ ಇಂಗ್ಲಿಷ್ ಮಾಧ್ಯಮದ್ದೇ. ಅಲ್ಲಿ ಮೊದಲ ದಿನ ಮಿಸ್ ಹೇಳಿದ್ದು ಅರ್ಥವಾಗದೆ ಮಗು ಮುದುಡಿ ಕೂರಬಾರದು. ಇದರ ಹಿಂದೆ ಕಾನೂನಿನ ಬಲವೂ ಇದೆ. 1994ರ ಭಾಷಾ ನೀತಿಯಲ್ಲಿ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಮಾಡಲು ಹೊರಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ಒಪ್ಪಲಿಲ್ಲ. ಮಾಧ್ಯಮ ಯಾವುದಿರಬೇಕು ಅನ್ನುವ ಆಯ್ಕೆ ಪೋಷಕರದ್ದು ಅಂತ ತೀರ್ಪು ಕೊಟ್ಟಿತು. ಹಾಗಾಗಿ ಥೋರಟ್ ಆಯೋಗದ ಶಿಫಾರಸನ್ನು ಖಾಸಗಿ ಶಾಲೆಗಳ ಮೇಲೆ ಸುಮ್ಮನೆ ಆದೇಶ ಹೊರಡಿಸಿ ಹೇರಲು ಬರುವುದಿಲ್ಲ. ಸರ್ಕಾರದ ಕೈಯಲ್ಲಿ ಗಟ್ಟಿಯಾಗಿ ಉಳಿದಿರುವುದು ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ. ಅದು ಶುರುವಾಗುವುದು ಒಂದನೇ ತರಗತಿಯಿಂದ.

ಈ ವಾದದ ದುರ್ಬಲ ಜಾಗ ಒಂದೇ. ಬೆಂಗಳೂರಿನ ಮಗು ಇಂಗ್ಲಿಷ್ ಕೇಳದೆ ಬೆಳೆಯುವ ಸಾಧ್ಯತೆ ಇಲ್ಲ. ಶಾಲೆ, ಮಾಲ್, ಗೆಳೆಯರು, ಟಿವಿ, ಎಲ್ಲ ಕಡೆಯಿಂದ ಅದು ಬಂದೇ ಬರುತ್ತದೆ. ಕಳೆದುಹೋಗುವ ಅಪಾಯ ಇರುವುದು ಮನೆಮಾತಿಗೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಅನಿಕ್ ಡಿ ಹೌವರ್ ಸುಮಾರು 1,900 ಕುಟುಂಬಗಳನ್ನು ಕೇಳಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಮನೆಯಲ್ಲಿ ಊರಿನದಲ್ಲದ ಇನ್ನೊಂದು ಭಾಷೆ ಕೇಳಿಯೂ, ಸುಮಾರು ಕಾಲು ಭಾಗ ಕುಟುಂಬಗಳ ಮಕ್ಕಳು ಅದನ್ನು ಆಡುತ್ತಿರಲಿಲ್ಲ. ಅಪ್ಪ-ಅಮ್ಮ ಇಬ್ಬರೂ ಆ ಭಾಷೆ ಆಡುವ ಮನೆಗಳಲ್ಲಿ ಮಾತ್ರ ಅದು ಹೆಚ್ಚು ಉಳಿದಿತ್ತು. ಬೆಂಗಳೂರಿನಲ್ಲಿ ಕನ್ನಡ ಊರಿನ ಭಾಷೆಯೇ. ಆದರೂ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಎಷ್ಟೋ ಸಲ ಅದರ ಪಾಡು ಹೊರಗಿನಿಂದ ಬಂದ ಭಾಷೆಯದ್ದೇ.

ಹಾಗಾದರೆ ಪ್ಲೇಸ್ಕೂಲಿನಿಂದ ಲಾಭವೇ ಇಲ್ವಾ?

ಇದೆ, ಆದರೆ ಎಲ್ಲ ಕಡೆ ಅಲ್ಲ. ಲಾಭ ಇದೆ ಅನ್ನಲು ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರ್ರಿ ಪ್ರಿಸ್ಕೂಲ್ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರಲ್ಲಿದ್ದದ್ದು 123 ಮಕ್ಕಳು, ಎಲ್ಲರೂ ಬಡ ಮನೆಯವರು, ಶಾಲೆಗೆ ಸೇರಿದಾಗ 3–4 ವರ್ಷದವರು. ಶಿಕ್ಷಕರು ಮನೆಗೂ ಹೋಗುತ್ತಿದ್ದರು. ಆ ಲಾಭವನ್ನು ಮೂರನೇ ಮಹಡಿಯ ಪ್ಲೇಗ್ರೂಪಿಗೆ ಅನ್ವಯಿಸಲು ಆಗುವುದಿಲ್ಲ. ಅಲ್ಲಿನದೇ ಟೆನೆಸ್ಸಿ ರಾಜ್ಯದ ಸರ್ಕಾರಿ ಪ್ರಿ-ಕೆ (ಶಾಲೆಗೂ ಮುಂಚಿನ ತರಗತಿ) ಅಧ್ಯಯನದ 2022ರ ಫಲಿತಾಂಶ ಇದಕ್ಕೆ ತದ್ವಿರುದ್ಧ. ಆರನೇ ತರಗತಿಗೆ ಬರುವಾಗ ಪ್ರಿ-ಕೆಗೆ ಹೋದವರೇ ಹೋಗದವರಿಗಿಂತ ಹಿಂದಿದ್ದರು.

ಇಂಗ್ಲೆಂಡಿನಲ್ಲಿ 1997ರಿಂದ ಸುಮಾರು 3,000 ಮಕ್ಕಳನ್ನು ಗಮನಿಸಿದ ದೊಡ್ಡ ಅಧ್ಯಯನ ನಮಗೆ ಹೆಚ್ಚು ಹತ್ತಿರ. ಎರಡು ವರ್ಷ ದಾಟಿದ ಮೇಲೆ ಬೇಗ ಸೇರಿದವರಿಗೆ ಕಲಿಕೆಯಲ್ಲಿ ಲಾಭ ಕಂಡಿತು. ಇದು 'ಬೇಗ ಸೇರಿಸಿ' ಅನ್ನುವವರ ಪರವಾದ ಪುರಾವೆ, ಮುಚ್ಚಿಡುವುದು ಬೇಡ. ಆದರೆ ಆ ಲಾಭ ಗುಣಮಟ್ಟವನ್ನು ಹಿಡಿದೇ ನಡೆದಿತ್ತು. ಪೂರ್ತಿ ದಿನ ಇದ್ದವರಿಗೆ ಅರ್ಧ ದಿನ ಇದ್ದವರಿಗಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲ. ತೀರಾ ಚಿಕ್ಕಂದಿನಿಂದ ದಿನದ ಬಹುಪಾಲು ಗುಂಪಿನಲ್ಲೇ ಕಳೆದ ಮಕ್ಕಳಲ್ಲಿ ಹಠ, ಜಗಳ ಸ್ವಲ್ಪ ಜಾಸ್ತಿ ಇತ್ತು.

ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ಅಸ್ಸಾಂ, ರಾಜಸ್ಥಾನ ಮತ್ತು ತೆಲುಗು ಸೀಮೆಯ ಮಕ್ಕಳನ್ನು 4ರಿಂದ 8 ವರ್ಷದವರೆಗೆ ಹಿಂಬಾಲಿಸಿ ಮಾಡಿದ್ದು. ಖಾಸಗಿ ಪ್ರಿಸ್ಕೂಲುಗಳಲ್ಲಿ ಕಂಡದ್ದು ಬಹುಪಾಲು ಒಂದನೇ ತರಗತಿಯ ಪಾಠವನ್ನೇ ಕೆಳಗಿಳಿಸಿ ಕೊಟ್ಟ ಓದು-ಬರಹ. ಅಂಗನವಾಡಿಗಳಲ್ಲಿ ಕಲಿಕೆಗೆ ಸಿಗುತ್ತಿದ್ದ ಹೊತ್ತೇ ಕಡಿಮೆ. ಎರಡೂ ಆ ವಯಸ್ಸಿಗೆ ಹೇಳಿ ಮಾಡಿಸಿದ್ದಾಗಿರಲಿಲ್ಲ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಮಾತೂ ಅಲ್ಲ, ಪಾಠವೂ ಅಲ್ಲ. ಇಬ್ಬರೂ ಕೆಲಸಕ್ಕೆ ಹೋಗಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು. ಹಾಸನದಿಂದಲೋ ಶಿವಮೊಗ್ಗದಿಂದಲೋ ಬಂದ ಅಜ್ಜಿಗೆ ಮಂಡಿ ನೋವು, ವರ್ಷಪೂರ್ತಿ ಇರಲಾರರು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲೇ ಹೇಳಿತ್ತು. ಆದರೆ ಮಗುವನ್ನು ಎತ್ತಿಕೊಂಡು ಸಿಲ್ಕ್ ಬೋರ್ಡ್ ದಾಟುವವರು ಯಾರು? ಇದು ನ್ಯಾಯವಾದ ಕಾರಣ, ಇದನ್ನು ಹೇಳಿಕೊಳ್ಳಲು ನಾಚಿಕೆ ಪಡಬೇಕಿಲ್ಲ. ಹೇಳಿಕೊಂಡರೆ ಹುಡುಕುವ ರೀತಿಯೂ ಬದಲಾಗುತ್ತದೆ. 'ಸಿಲಬಸ್ ಏನು' ಅನ್ನುವ ಬದಲು 'ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ' ಅಂತ ಕೇಳುತ್ತೀರಿ.

ಮಾತೇ ಬಾರದಿದ್ದಾಗ

ಇಲ್ಲಿ ಮಾತ್ರ ಕಾಯುವುದು ತಪ್ಪು. 'ಗಂಡುಮಕ್ಕಳಿಗೆ ಲೇಟು', 'ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು', 'ಬಜೆ ತೇಯ್ದು ನಾಲಿಗೆಗೆ ಹಚ್ಚಿ', 'ಪ್ಲೇಸ್ಕೂಲಿಗೆ ಹಾಕಿ, ಮಕ್ಕಳ ಜೊತೆ ಸೇರಿದರೆ ತಾನೇ ಬರುತ್ತೆ'. ಪ್ರೀತಿಯಿಂದಲೇ ಹೇಳುವ ಮಾತುಗಳು. ಆದರೆ ಈ ನಾಲ್ಕನ್ನೂ ಒಂದೊಂದಾಗಿ ಮಾಡಿ ನೋಡುವಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಒಂದು ವರ್ಷವಾದರೂ ಬ-ಬ, ದ-ದ ಅಂತ ತೊದಲದಿದ್ದರೆ, 16 ತಿಂಗಳಾದರೂ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ 'ಅಪ್ಪ ಬಾ' ಎಂಬಂತೆ ಎರಡು ಪದ ಕೂಡಿಸದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬಂದ ಮಾತು ನಿಂತುಹೋದರೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆ. ಕೇಳಿಸದ ಮಗುವನ್ನು ಗಲಾಟೆಯ ಕೋಣೆಯಲ್ಲಿ ಕೂರಿಸಿದರೆ ಇನ್ನಷ್ಟು ಕಷ್ಟವೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವ ಸಂಸ್ಥೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಪರೀಕ್ಷೆಯಾದ ಮೇಲೆ ಥೆರಪಿಯ ಜೊತೆಗೆ ಪ್ಲೇಸ್ಕೂಲೂ ಬೇಕು ಅಂತ ತಜ್ಞರು ಹೇಳಿದರೆ ಅದು ಬೇರೆ ಮಾತು.

ಮುಂದೆ ಏನಾಗಬಹುದು

ಆರು ವರ್ಷದ ನಿಯಮ ಗಟ್ಟಿಯಾಗಿ ನಿಂತರೆ ಪ್ಲೇಸ್ಕೂಲುಗಳ ಲೆಕ್ಕಾಚಾರ ಬದಲಾಗುತ್ತದೆ. ಮಿಕ್ಕುವ ವರ್ಷಕ್ಕೆ 'ಪ್ರಿ-ನರ್ಸರಿ', 'ಬ್ರಿಜ್' ಅಂತ ಹೊಸ ಹೊಸ ಹೆಸರು ಹುಟ್ಟುವುದು ಖಂಡಿತ. ಹೆಸರು ಎಷ್ಟು ಜಾಸ್ತಿಯೋ, ಅಪ್ಪ-ಅಮ್ಮಂದಿರಿಗೆ ಅಷ್ಟು ಭಯ. ಸಿಬಿಎಸ್‌ಇ ಸುತ್ತೋಲೆಯ ಪರಿಣಾಮ ಇಷ್ಟು ಬೇಗ ಕಾಣಲಿಕ್ಕಿಲ್ಲ. ಒಂದೇ ಕೋಣೆಯಲ್ಲಿ ಆರು ಮನೆಮಾತಿನ ಮಕ್ಕಳಿರುವ ವೈಟ್‌ಫೀಲ್ಡಿನ ಶಾಲೆಗೆ 'ಪರಿಚಿತ ಭಾಷೆ' ಯಾವುದು? ಬಹಳ ಕಡೆ ಉತ್ತರ ಇಂಗ್ಲಿಷ್ ಅಂತಲೇ ಆಗಿ, ಸುತ್ತೋಲೆ ಫೈಲಿನಲ್ಲಿ ಉಳಿಯುತ್ತದೆ. ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುವ ಸರ್ಕಾರದ ಪ್ರಯತ್ನಕ್ಕೆ ಮಾತ್ರ ಒಂದು ಅವಕಾಶ ಇದೆ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದ ಮೊದಲ ತಾಣಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಮನೆ ಹತ್ತಿರ, ಕನ್ನಡ ಆಡುವ ಕಾರ್ಯಕರ್ತೆ, ಊಟ, ಆಟ. ಬೇಕಿರುವುದು ಹೆಚ್ಚು ಕೈಗಳು ಮತ್ತು ತರಬೇತಿ. ಪೋಲಿಯೋ ಹನಿಯಿಂದ ಚುನಾವಣಾ ಕೆಲಸದವರೆಗೆ ಎಲ್ಲವನ್ನೂ ಅದೇ ಕಾರ್ಯಕರ್ತೆಯ ತಲೆಗೆ ಕಟ್ಟಿದರೆ ಮಗುವಿನ ಜೊತೆ ಮಾತಾಡಲು ಅವರಿಗೆ ಹೊತ್ತೇ ಉಳಿಯುವುದಿಲ್ಲ.

ಈ ವರ್ಷವೇ ಸೇರಿಸಲೇಬೇಕಾದವರು ಪ್ಲೇಸ್ಕೂಲು ನೋಡಲು ಹೋದಾಗ ಗೋಡೆಯ ಚಿತ್ರ, ಸಿಸಿಟಿವಿ, ಜಾರುಬಂಡೆಗಳನ್ನು ಬೇಗ ನೋಡಿ ಮುಗಿಸಿ. ಕೋಣೆಯ ಹೊರಗೆ ಅರ್ಧ ಗಂಟೆ ಕೂರಲು ಅನುಮತಿ ಕೇಳಿ. ದೊಡ್ಡವರ ದನಿ ಯಾವಾಗಲೂ ಇಡೀ ಗುಂಪಿಗೆ ಕೂಗುವುದಾ, ಒಂದು ಮಗುವಿನ ಮಟ್ಟಕ್ಕೆ ಬಗ್ಗಿ ಮಾತಾಡುವುದೂ ಇದೆಯಾ? ಮಗು ಕನ್ನಡದಲ್ಲಿ 'ನೀರು' ಅಂದರೆ ಕೊಡುತ್ತಾರಾ, 'ಸೇ ವಾಟರ್' ಅಂತ ಕಾಯಿಸುತ್ತಾರಾ? ಮೂರು ವರ್ಷದವರ ಕೈಯಲ್ಲಿ ಪೆನ್ಸಿಲ್ ಇದೆಯಾ, ಮಣ್ಣಿದೆಯಾ? ಎಷ್ಟು ಮಕ್ಕಳಿಗೆ ಎಷ್ಟು ಜನ ಅಂತ ಎಣಿಸಿ, ಆಯಾ ಅವರ ಹೆಸರು ಕೇಳಿ, ಅವರಿಗೆ ಯಾವ ಭಾಷೆ ಬರುತ್ತದೆ ಅಂತಲೂ ಕೇಳಿ. ಎರಡೂವರೆ ವರ್ಷದ ಮಗುವಿನ ಚಡ್ಡಿ ಬದಲಿಸುತ್ತಾ, ತುತ್ತು ತಿನ್ನಿಸುತ್ತಾ ಅತಿ ಹೆಚ್ಚು ಹೊತ್ತು ಮಾತಾಡುವವರು ಅವರೇ. ಕರಪತ್ರದಲ್ಲಿ ಅವರ ಫೋಟೋ ಇರುವುದಿಲ್ಲ.